ಕಂಪನಿ ಮುಳುಗಿತು, ಕೋಡ್ ಈಜಿತು

(1/3)

ಮೊನ್ನೆ ಚಿಕ್ಕಮ್ಮನ ಮಗ ಅಳುಮುಖ ಮಾಡ್ಕೊಂಡು ಬಂದ. "ಅಕ್ಕಾ, ಫೋನ್ ಸತ್ತೋಯ್ತು!" ಚಿಕ್ಕಪ್ಪ ಬಳಸಿ ಬಿಟ್ಟಿದ್ದ ಹಳೇ ಆಂಡ್ರಾಯ್ಡ್ ಫೋನ್ ಅದು. ಪವರ್ ಬಟನ್ ಜೊತೆಗೆ ವಾಲ್ಯೂಮ್ ಬಟನ್ನೂ ಒತ್ತಿ ಹಿಡಿದಿದ್ದಾನೆ, ಸ್ಕ್ರೀನ್ ಮೇಲೆ 'ಫಾಸ್ಟ್‌ಬೂಟ್' ಅಂತ ಬಂದು ನಿಂತುಬಿಟ್ಟಿದೆ. ಮತ್ತೆ ಆನ್ ಮಾಡಿಕೊಟ್ಟೆ, ಅವನು ಹೋದ. ನಾನು ಮಾತ್ರ ಆ ಸ್ಕ್ರೀನ್ ಹಿಂದೆ ಏನಿದೆ ಅಂತ ಹುಡುಕ್ತಾ ಕೂತೆ. ಕಾಸ್ಟಿಂಗ್ ಇಂಟರ್ನಲ್ಸ್ ಹತ್ತಿರ ಇದೆ, ಆದ್ರೂ ಮೊದಲು ಈ ಕಥೆ ಕೇಳಿ.

ಜಾನ್ ಲೂಯಿ ಗ್ಯಾಸೆ ಅಂತ ಒಬ್ಬ ಫ್ರೆಂಚ್ ಮನುಷ್ಯ. ಆ್ಯಪಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅಲ್ಲಿಂದ ಹೊರಬಂದು 1990ರಲ್ಲಿ 'ಬಿ' ಅನ್ನೋ ಕಂಪನಿ ಶುರು ಮಾಡಿದರು. 1995ರಲ್ಲಿ ಅವರ ಕಂಪ್ಯೂಟರ್ ಬಂತು, ಹೆಸರು ಬಿಬಾಕ್ಸ್. ಒಳಗೆ ಒಂದಲ್ಲ, ಎರಡು ಪ್ರೊಸೆಸರ್. ಯಾವುದಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸೋಕೆ ಡಬ್ಬದ ಮುಂಭಾಗದಲ್ಲೇ ಏರಿ ಇಳಿಯೋ ದೀಪಗಳ ಸಾಲು. ಫೋಟೋ ನೋಡಿದ್ರೆ ಈಗಲೂ ಬೇಕು ಅನ್ಸುತ್ತೆ. ಮಾರಾಟವಾಗಿದ್ದು ಎರಡು ಸಾವಿರವೂ ಇಲ್ಲ. ಅದರ ಆಪರೇಟಿಂಗ್ ಸಿಸ್ಟಮ್, ಬಿಓಎಸ್, ಮಾತ್ರ ಕಂಡವರೆಲ್ಲ ಮೆಚ್ಚಿದ್ದು. ಆ ಕಾಲದಲ್ಲೇ ಒಟ್ಟಿಗೆ ನಾಲ್ಕೈದು ವಿಡಿಯೋ ಓಡಿಸಿದ್ರೂ ತಡವರಿಸ್ತಿರಲಿಲ್ಲ.

1996ರಲ್ಲಿ ಆ್ಯಪಲ್‌ಗೇ ಹೊಸ ಆಪರೇಟಿಂಗ್ ಸಿಸ್ಟಮ್ ಬೇಕಾಯ್ತು. ಗ್ಯಾಸೆ ಜೊತೆ ಮಾತುಕತೆ ನಡೀತು, ಬೆಲೆ ಕುದುರಲಿಲ್ಲ. ವರ್ಷದ ಕೊನೆಗೆ ಆ್ಯಪಲ್ ಸುಮಾರು 400 ಮಿಲಿಯನ್ ಡಾಲರ್ ಕೊಟ್ಟು ನೆಕ್ಸ್ಟ್ ಕಂಪನಿಯನ್ನು ಕೊಂಡಿತು. ಜೊತೆಗೆ ಸ್ಟೀವ್ ಜಾಬ್ಸ್ ವಾಪಸ್ ಬಂದರು. ಮುಂದಿನದು ನಿಮಗೆಲ್ಲ ಗೊತ್ತು.

ಬಿ ಕಥೆ? 2001ರಲ್ಲಿ ಪಾಮ್ ಕಂಪನಿ ಅದರ ಆಸ್ತಿ, ತಂತ್ರಜ್ಞಾನವನ್ನು 11 ಮಿಲಿಯನ್ ಡಾಲರ್‌ಗೆ ಕೊಂಡಿತು. ಬಿಕಾಂನವರು ಇಲ್ಲಿ ಸ್ವಲ್ಪ ನಿಲ್ಲಿ. ತನ್ನ ವ್ಯಾಪಾರಕ್ಕೆ ಅಡ್ಡಿ ಮಾಡಿದರು ಅಂತ ಬಿ ಕಂಪನಿ 2002ರಲ್ಲಿ ಮೈಕ್ರೋಸಾಫ್ಟ್ ಮೇಲೆ ಕೇಸ್ ಹಾಕಿತು. 2003ರಲ್ಲಿ ರಾಜಿ ಆಯ್ತು. ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳಲಿಲ್ಲ, ಆದರೆ 23.25 ಮಿಲಿಯನ್ ಡಾಲರ್ ಕೊಟ್ಟಿತು. ಅಂದ್ರೆ ಕಟ್ಟಿದ್ದಕ್ಕೆ ಸಿಕ್ಕಿದ ದುಡ್ಡಿಗಿಂತ ಜಗಳಕ್ಕೆ ಸಿಕ್ಕಿದ್ದು ಎರಡು ಪಟ್ಟು!

(2/3)

ಷೇರುದಾರರ ಲೆಕ್ಕ ಅಲ್ಲಿಗೆ ಮುಗೀತು. ಬಿಓಎಸ್ ಬಳಸ್ತಿದ್ದವರ ಗತಿ? ಸಂಜೆ ಹೊತ್ತು ಕೂತು, ಸಂಬಳ ಇಲ್ಲದೆ ಅದಕ್ಕಂತಲೇ ಪುಟ್ಟ ಪುಟ್ಟ ಪ್ರೋಗ್ರಾಂ ಬರೆದವರು ಎಷ್ಟೋ ಜನ ಇದ್ದರು. ಅಡಿಪಾಯ ಹೋದ್ರೆ ಅದರ ಮೇಲಿನ ಮನೆಗಳೂ ಹೋದ ಹಾಗೇ. ಮೂಲ ಕೋಡ್ ಪಾಮ್ ಕೈಯಲ್ಲಿತ್ತು, ಪಾಮ್ ಅದನ್ನು ಮುಂದುವರಿಸಲಿಲ್ಲ.

ಅದೇ ಆಗಸ್ಟ್ 2001ರಲ್ಲಿ ಕೆಲವರು ಸೇರಿ 'ಓಪನ್‌ಬಿಓಎಸ್' ಶುರು ಮಾಡಿದರು. ಬಿಓಎಸ್‌ನ ಕೋಡ್ ನೋಡದೆ, ಅದು ಹೇಗೆ ನಡೀತಿತ್ತೋ ಹಾಗೇ ನಡೆಯೋದನ್ನು ಮೊದಲಿಂದ ಕಟ್ಟೋದು! ಅಡುಗೆ ಮಾಡೋ ಅಜ್ಜಿಯನ್ನು ಕೇಳೋ ಹಾಗಿಲ್ಲ, ಸಾರಿನ ರುಚಿ ನೆನಪಲ್ಲಿಟ್ಟುಕೊಂಡು ಅದೇ ಸಾರು ಮಾಡಬೇಕು.

ಅತಿ ಕಷ್ಟದ ಭಾಗ ಕರ್ನಲ್. ಮೆಮೊರಿ ಯಾರಿಗೆ ಎಷ್ಟು, ಪ್ರೊಸೆಸರ್ ಮೇಲೆ ಈಗ ಯಾರ ಸರದಿ ಅಂತ ಹಂಚೋ ಒಳಗಿನ ತಿರುಳು ಅದು. ಇಲ್ಲಿ ನಮ್ಮ ನಾಯಕನ ಪ್ರವೇಶ: ಟ್ರಾವಿಸ್ ಗೈಸಲ್‌ಬ್ರೆಕ್ಟ್. ಬಿ ಕಂಪನಿಯಲ್ಲೇ ಎಂಜಿನಿಯರ್ ಆಗಿದ್ದವರು. ತಮ್ಮ ಆಸಕ್ತಿಗೆ 'ನ್ಯೂಓಎಸ್' ಅಂತ ಸ್ವಂತದ್ದೊಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದರು. ಗಿರಾಕಿಯೂ ಇಲ್ಲ, ಡೆಡ್‌ಲೈನೂ ಇಲ್ಲ. ಯಾರು ಬೇಕಾದ್ರೂ ತಗೊಳ್ಳಿ ಅಂತ ಕೋಡ್ ತೆರೆದಿಟ್ಟಿದ್ದರು. ಓಪನ್‌ಬಿಓಎಸ್‌ನವರು ಅದನ್ನೇ ಎತ್ತಿಕೊಂಡು ತಮ್ಮ ಕರ್ನಲ್ ಕಟ್ಟಿದರು.

2004ರಲ್ಲಿ ಹೆಸರು ಬದಲಾಯ್ತು, ಯಾಕಂದ್ರೆ 'ಬಿಓಎಸ್' ಅನ್ನೋ ಟ್ರೇಡ್‌ಮಾರ್ಕ್ ಪಾಮ್ ಬಳಿ ಇತ್ತು. ಹೊಸ ಹೆಸರು 'ಹೈಕು'. ಬಿಓಎಸ್‌ನ ಬ್ರೌಸರ್‌ನಲ್ಲಿ ಪುಟ ತೆರೆಯದಿದ್ದರೆ ದೋಷದ ಸಂದೇಶ ಹೈಕು ಕವಿತೆಯಾಗಿ ಬರ್ತಿತ್ತಂತೆ, ಅದರ ನೆನಪಿಗೆ. (ನಮ್ಮ ರಿಸಲ್ಟ್ ವೆಬ್‌ಸೈಟ್ ತೆರೆಯದಿದ್ದಾಗ ಒಂದು ಚುಟುಕ ಬಂದಿದ್ರೆ ಅಷ್ಟಾದ್ರೂ ಸಮಾಧಾನ ಆಗ್ತಿತ್ತು.)

ನನಗೆ ತುಂಬಾ ಇಷ್ಟವಾಗಿದ್ದು ಇದು: ಹೈಕುವಿನ 32 ಬಿಟ್ ಆವೃತ್ತಿಯಲ್ಲಿ ಅಂದಿನ ಬಿಓಎಸ್ ಪ್ರೋಗ್ರಾಂಗಳು ಇಂದಿಗೂ ಓಡಬೇಕು ಅಂತ ಹಟ. ಅದಕ್ಕಾಗಿ ಜಗತ್ತೆಲ್ಲ ಬಿಟ್ಟ ಹಳೇ ಜಿಸಿಸಿ 2 ಕಂಪೈಲರನ್ನು ಇವರು ಇನ್ನೂ ಸಾಕ್ತಿದ್ದಾರೆ. ಬರೆದವರು ಮರೆತಿರಬಹುದಾದ ಪ್ರೋಗ್ರಾಂಗೋಸ್ಕರ ಇಷ್ಟು ಕಷ್ಟ! ಈ ನಿಧಾನಕ್ಕೆ ನಗೋರೂ ಇದ್ದಾರೆ. ಮೊದಲ ಬೀಟಾ ಬಂದಿದ್ದೇ ಸೆಪ್ಟೆಂಬರ್ 2018ರಲ್ಲಿ, ಶುರುವಾಗಿ 17 ವರ್ಷಕ್ಕೆ. ನಾನಂತೂ ನಗಲ್ಲ.

(3/3)

ಈಗ ಫಾಸ್ಟ್‌ಬೂಟ್‌ಗೆ ಬರೋಣ. ಟ್ರಾವಿಸ್ ಆಮೇಲೆ ಇನ್ನೊಂದು ಕರ್ನಲ್ ಬರೆದರು. ಹೆಸರು 'ಲಿಟಲ್ ಕರ್ನಲ್', ಚಿಕ್ಕದಾಗಿ ಎಲ್‌ಕೆ. ಸಣ್ಣ ಸಾಧನಗಳಿಗೆ ಸಾಕಾಗುವಷ್ಟು ಮಾತ್ರ. ಇದೂ ತೆರೆದ ಕೋಡ್. ಫೋನ್ ಆನ್ ಮಾಡಿದ ಕೂಡಲೇ ಆಂಡ್ರಾಯ್ಡ್ ಎದ್ದು ಕೂರಲ್ಲ, ಅದನ್ನು ಎಬ್ಬಿಸೋಕೆ ಮೊದಲು ಒಂದು ಸಣ್ಣ ಪ್ರೋಗ್ರಾಂ ಬೇಕು, ಅದೇ ಬೂಟ್‌ಲೋಡರ್. ಕ್ವಾಲ್ಕಾಮ್ ಚಿಪ್ ಇರುವ ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಬಹುಪಾಲು ಬೂಟ್‌ಲೋಡರ್ ಕಟ್ಟಿದ್ದು ಎಲ್‌ಕೆ ಮೇಲೆ. ಮೀಡಿಯಾಟೆಕ್ ಚಿಪ್ ಫೋನುಗಳಲ್ಲೂ ಅದೇ. ಫಾಸ್ಟ್‌ಬೂಟ್‌ಗೆ ಉತ್ತರ ಕೊಡ್ತಿದ್ದದ್ದೂ ಅದೇ.

ಬಿಬಾಕ್ಸ್ ಎರಡು ಸಾವಿರವೂ ಹೋಗಲಿಲ್ಲ ಅಂದೆನಲ್ಲ. ಅದೇ ಕಂಪನಿಯಿಂದ ಹೊರಬಂದ ಒಬ್ಬರ ಕೋಡ್ ಎಷ್ಟು ಜೇಬುಗಳಲ್ಲಿ ಓಡಾಡಿದೆ, ನೀವೇ ಅಂದಾಜು ಮಾಡಿ.

ಅಲ್ಲಿಗೂ ನಿಲ್ಲಲಿಲ್ಲ. ಗೂಗಲ್ ಫ್ಯೂಷಾ ಅನ್ನೋ ಹೊಸ ಆಪರೇಟಿಂಗ್ ಸಿಸ್ಟಮ್ ಶುರು ಮಾಡಿದಾಗ ಅದರ ಕರ್ನಲ್ 'ಜಿರ್ಕಾನ್' ಕವಲೊಡೆದದ್ದು ಎಲ್‌ಕೆಯಿಂದಲೇ. ಟ್ರಾವಿಸ್ ಸ್ವತಃ ಅಲ್ಲಿ ಕೆಲಸ ಮಾಡಿದರು. 2021ರಲ್ಲಿ ಫ್ಯೂಷಾ ಗೂಗಲ್‌ನ ನೆಸ್ಟ್ ಹಬ್‌ಗೆ ಬಂತು.

ಬಿ ಕಂಪನಿಯ ಬ್ಯಾಲೆನ್ಸ್ ಶೀಟ್‌ನ ಆಸ್ತಿಗಳ ಸಾಲಿನಲ್ಲಿ ಇದು ಯಾವುದೂ ಇರಲಿಲ್ಲ. ಇರೋಕೂ ಸಾಧ್ಯವಿಲ್ಲ, ಎಎಸ್ 26 ಓದಿದವರಿಗೆ ಗೊತ್ತು: ಒಳಗೇ ಬೆಳೆದ ಗುಡ್‌ವಿಲ್‌ಗೆ ಅಲ್ಲಿ ಜಾಗ ಇಲ್ಲ.

ಹೈಕುವಿನ ಐದನೇ ಬೀಟಾ ಸೆಪ್ಟೆಂಬರ್ 2024ರಲ್ಲಿ ಬಂದಿದೆ. ಪೆನ್‌ಡ್ರೈವ್‌ಗೆ ಹಾಕಿ ಅಪ್ಪನ ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆ. ಕೊನೆಯ ಫೋಟೋದಲ್ಲಿ ಇರೋದು ಅದೇ: ಹಳದಿ ಟ್ಯಾಬ್ ಇರೋ ಕಿಟಕಿಗಳು. ಹಿಂದೆ ಟೇಬಲ್ ಮೇಲೆ ಕಾಣ್ತಿರೋದು ಕಾಸ್ಟಿಂಗ್ ಪುಸ್ತಕ, ಇನ್ನೂ ತೆರೆದಿಲ್ಲ.