ಅಚ್ಚೆ

ಮಳವಳ್ಳಿ ಕಡೆಯ ನಮ್ಮಜ್ಜಿಯ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲು, ಹಟ್ಟಿ ಅಟ್ಟಿ, ಹಚ್ಚೆ ಅಚ್ಚೆ. ಮೊಣಕೈಯಿಂದ ಮಣಿಕಟ್ಟಿನವರೆಗೂ ಅವಳಿಗೆ ಅಚ್ಚೆಯಿತ್ತು. ಮಧ್ಯಾಹ್ನ ಅವಳು ಮಲಗಿದ್ದಾಗ ಆ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಎಳೆದರೆ ಸೀತೆಯ ತೊಟ್ಟಿಲು ತೂಗುತ್ತಿತ್ತು.

ಹಚ್ಚೆಯ ಮೂಲ ಪಚ್ಚೆ, ಅಂದರೆ ಹಸಿರು. ಹಳಗನ್ನಡದ ಪಾಲು ಹಾಲಾದ, ಪೂ ಹೂವಾದ ಹಾದಿಯಲ್ಲೇ ಪಚ್ಚೆ ಹಚ್ಚೆಯಾಯಿತು. ಮದ್ದೂರು, ಮಂಡ್ಯದ ಹಳ್ಳಿಗಳಿಗೆ ಬರುವ ಹೊತ್ತಿಗೆ ಆ ಹಕಾರವೂ ಉದುರಿತು. ಹಳೆಯ ಪಕಾರ ಉಂಗುರದ ಪಚ್ಚೆಕಲ್ಲಿನಲ್ಲಿ, ಸಂತೆಯ ಪಚ್ಚಬಾಳೆಯಲ್ಲಿ ಉಳಿದುಕೊಂಡಿದೆ. ತಮಿಳರು ಇವತ್ತಿಗೂ ‘ಪಚ್ಚೈ’ ಕುತ್ತುತ್ತಾರೆ. ನಾವು ಹುಯ್ಯುತ್ತೇವೆ. ಈ ಹುಯ್ಯುವುದಕ್ಕೆ ಎರಡು ಅರ್ಥ: ಮಳೆ ಹುಯ್ದಂತೆ ಸುರಿಯುವುದು, ‘ಹೊಯ್ ಸಳ’ ಕಥೆಯಲ್ಲಿರುವಂತೆ ಹೊಡೆಯುವುದು. ಸೂಜಿಯ ಪೆಟ್ಟನ್ನೂ ಬಣ್ಣದ ಸುರಿತವನ್ನೂ ಒಂದೇ ಮಾತಲ್ಲಿ ಹಿಡಿದ ಈ ಕ್ರಿಯಾಪದ ಕಂಡರೆ ನನಗೆ ಬಲು ಪ್ರೀತಿ.

ಆದರೆ ಹಚ್ಚೆ ಹುಯ್ಯಲು ಬರುತ್ತಿದ್ದ ಕೊರವಂಜಿಯ ಚಿಪ್ಪಿನಲ್ಲಿ ಹಸಿರು ಇರುತ್ತಿರಲಿಲ್ಲ. ದೀಪದ ಕಾಡಿಗೆಗೆ ಸೊಪ್ಪಿನ ರಸ ಬೆರೆಸಿದ ಕಡುಕಪ್ಪು ಅದು. ಮೂರು ನಾಲ್ಕು ಸೂಜಿ ಸೇರಿಸಿ ಕಟ್ಟಿ, ಹುಡುಗಿ ಅಳದಿರಲೆಂದು ಹಾಡು ಹೇಳುತ್ತಾ ಚುಚ್ಚುತ್ತಿದ್ದಳು. ಆಮೇಲೆ ಅರಿಸಿನ, ಹರಳೆಣ್ಣೆ. ಕೂಲಿ ಒಂದು ಮೊರ ರಾಗಿ, ಒಂದು ಹಳೇ ಸೀರೆ. ಮೇಲಿನ ಪೊರೆ ಉದುರಿ, ಮಸಿ ಚರ್ಮದ ಒಳಪದರದಲ್ಲಿ ನೆಲೆನಿಂತ ಮೇಲೆಯೇ ಬಣ್ಣ ತಿರುಗುವುದು. ಕೆಂಪು ಬೆಳಕು ಆಳಕ್ಕಿಳಿದು ಮಸಿಯಲ್ಲಿ ಇಂಗಿಹೋಗುತ್ತದೆ, ನೀಲಿ ಹಸಿರಿನ ಕಡೆಯದು ಚರ್ಮದಲ್ಲೇ ಚದುರಿ ಕಣ್ಣಿಗೆ ವಾಪಸು ಬರುತ್ತದೆ. ಮುಂಗೈ ನರ ಹಸಿರಾಗಿ ಕಾಣುವುದೂ ಹೆಚ್ಚುಕಡಿಮೆ ಹೀಗೆಯೇ. ಚಿಪ್ಪಿನ ಬಣ್ಣವನ್ನು ಬಿಟ್ಟು, ಮೈ ಮಾಡಿಕೊಂಡ ಬಣ್ಣವನ್ನು ನೋಡಿ ಹೆಸರಿಟ್ಟವರ ಕಣ್ಣು ಎಷ್ಟು ಚುರುಕು!

ಒಂದೊಂದು ಚಿತ್ರಕ್ಕೂ ಅಜ್ಜಿಯ ಬಳಿ ಕಾರಣವಿತ್ತು. ತೊಟ್ಟಿಲು ಮಕ್ಕಳ ಫಲಕ್ಕೆ. ಚೇಳು ಇದ್ದರೆ ಚೇಳು ಕಡಿಯುವುದಿಲ್ಲ. ಕಬ್ಬಿನ ತರಗಿನಲ್ಲಿ ಬರಿಗೈ ಹಾಕುವವಳಿಗೆ ಆ ಧೈರ್ಯ ಬೇಕಿತ್ತು. ಸತ್ತಾಗ ಓಲೆ, ಬಳೆ ಎಲ್ಲ ಬಿಚ್ಚಿಕೊಳ್ಳುತ್ತಾರೆ, ಅಚ್ಚೆ ಮಾತ್ರ ಜೊತೆಗೆ ಬರುತ್ತದೆ ಅನ್ನುತ್ತಿದ್ದಳು. ಎಡಗೈಯಲ್ಲಿದ್ದದ್ದು ತಾತನ ಹೆಸರು, ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದ ಕಾಲ. ಓಟರ್ ಪಟ್ಟಿಯವರು ಬಂದು ಕೇಳಿದರೆ ಅಕ್ಷರ ಬಾರದ ಅಜ್ಜಿ ಸೆರಗು ಸರಿಸಿ ಕೈ ಚಾಚುತ್ತಿದ್ದಳು. ಅವರು ಓದಿಕೊಂಡು ಬರೆದುಕೊಳ್ಳುತ್ತಿದ್ದರು, ಒತ್ತಿಲ್ಲದೆಯೇ.

ಈಗ ಮಂಡ್ಯದ ಹುಡುಗರ ಬಾಯಲ್ಲಿ ‘ಟ್ಯಾಟೂ’. ಪೆಸಿಫಿಕ್ ಸಾಗರದ ಮಾತು ಅದು. 1769ರಲ್ಲಿ ತಹಿತಿಗೆ ಹೋದ ಜೇಮ್ಸ್ ಕುಕ್‌ನ ಹಡಗಿನವರು ಅಲ್ಲಿಯ ‘ತತೌ’ ಎಂಬುದನ್ನು ಇಂಗ್ಲಿಷಿಗೆ ತಂದರು. ಜಾತ್ರೆಯಲ್ಲಿ ಬ್ಯಾಟರಿ ಮೆಶಿನ್ ಇಟ್ಟುಕೊಂಡು ಕೂತವನ ಬೋರ್ಡಿನಲ್ಲಿ ಆಂಜನೇಯ, ತ್ರಿಶೂಲ, ‘ಅಮ್ಮ’ ಎಲ್ಲ ಇರುತ್ತವೆ. ತೊಟ್ಟಿಲನ್ನು ನಾನು ಕಂಡಿಲ್ಲ. ಆದರೂ ಇದನ್ನು ಬರೀ ಷೋಕಿ ಅನ್ನಲು ನನಗೆ ಮನಸ್ಸಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್, ಎಲ್ಲರ ಅಪ್ಪು, ತೀರಿಕೊಂಡ ಮೇಲೆ ಎಷ್ಟೋ ಹುಡುಗರು ಅವರ ಮುಖವನ್ನು ಮೈಮೇಲೆ ಬರೆಸಿಕೊಂಡರು. ನನ್ನ ತಮ್ಮನೂ ಒಬ್ಬ.

ಕೈ ಊದಿಕೊಂಡೇ ಬಂದು ಅಜ್ಜಿಗೆ ತೋರಿಸಿದ. ಅವಳು ಕನ್ನಡಕ ಏರಿಸಿ, ಬೆರಳಿನಿಂದ ಅಪ್ಪುವಿನ ಕೆನ್ನೆಯನ್ನು ಮೆಲ್ಲಗೆ ಸವರಿ ನೋಡಿದಳು.

“ಚೆಂದಾಗದೆ ಕಣ್ ಮಗ. ಈಗಿನ್ನೂ ಬರೀ ಮಸಿ. ಅಸ್ರು ತಿರುಗ್ಲಿ, ಆಗ ಅಚ್ಚೆ ಆಯ್ತದೆ.”