ಪಾದಚಾರಿಯ ಮೃತ್ಯುವಿನ ಕಾರಣಮೀಮಾಂಸೆ

1896ನೆಯ ಇಸವಿಯ ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಆವರಣದಲ್ಲಿ ಮಗಳೊಡನೆ ನಡೆದುಹೋಗುತ್ತಿದ್ದ ಬ್ರಿಜೆಟ್ ಡ್ರಿಸ್ಕಲ್ ಎಂಬ 44 ವರುಷದ ಗೃಹಿಣಿಯು, ಪ್ರದರ್ಶನಾರ್ಥವಾಗಿ ಓಡಿಸಲಾಗುತ್ತಿದ್ದ ಮೋಟಾರು ಗಾಡಿಯೊಂದರ ಹೊಡೆತಕ್ಕೆ ಸಿಕ್ಕಿ ಮೃತಳಾದಳು. ವಿಚಾರಣೆಗೆ ಕುಳಿತ ಪಂಚರು ಅದನ್ನು ಆಕಸ್ಮಿಕ ಮರಣವೆಂದು ನಿರ್ಣಯಿಸಿದರು. ‘ಅಕಸ್ಮಾತ್’ ಎಂದರೆ ಯಾವುದರಿಂದಲೂ ಅಲ್ಲದೆ, ಕಾರಣವೇ ಇಲ್ಲದೆ, ಎಂದರ್ಥ. ಆ ತರುವಾಯದ ಶತಮಾನಕ್ಕೂ ಮಿಕ್ಕ ಕಾಲದ ಶೋಧನೆಯೆಲ್ಲವೂ ಈ ಒಂದು ಪದವನ್ನು ಮೆಲ್ಲಮೆಲ್ಲನೆ ಅಲ್ಲಗಳೆಯುತ್ತ ಬಂದ ಕಥೆಯೆಂದು ನನಗೆ ತೋರುತ್ತದೆ.

ಮೊದಲು ಹುಡುಕಿದ ಕಾರಣವೆಂದರೆ ಸತ್ತವನದೇ ತಪ್ಪು. 1923ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ, ಗಂಟೆಗೆ 25 ಮೈಲಿಗಿಂತ ವೇಗವಾಗಿ ಓಡದಂತೆ ಪ್ರತಿಯೊಂದು ಮೋಟಾರಿಗೂ ಯಂತ್ರನಿಯಂತ್ರಣವನ್ನು ಅಳವಡಿಸಬೇಕೆಂದು 42,000 ಮಂದಿ ಪೌರರು ರುಜುಹಾಕಿ ಬೇಡಿದರು. ಮೋಟಾರು ವ್ಯಾಪಾರಿಗಳು ಒಟ್ಟಾಗಿ ಎದುರುನಿಂತು ಆ ಪ್ರಸ್ತಾವವನ್ನು ಜನಮತದಲ್ಲಿ ಸೋಲಿಸಿದರು. ಅಲ್ಲಿಂದ ಮುಂದೆ, ಬೀದಿಯನ್ನು ಮನಬಂದಲ್ಲಿ ದಾಟುವವನನ್ನು ಹಳ್ಳಿಗಮಾರನೆಂದು ಹೀಯಾಳಿಸುವ ‘ಜೇವಾಕರ್’ ಎಂಬ ನುಡಿಯು ಪ್ರಚಾರದಿಂದ ಹಬ್ಬಿ, ಕಾಯಿದೆಯೊಳಕ್ಕೂ ನುಗ್ಗಿ, ಅನಾದಿಯಿಂದ ಎಲ್ಲರಿಗೂ ಸೇರಿದ್ದ ಬೀದಿಯಲ್ಲಿ ನಡೆಯುವವನನ್ನೇ ಅತಿಕ್ರಮಿಯನ್ನಾಗಿ ಮಾಡಿತು. ಆ ಕಾಲದ ನಗರಗಳಲ್ಲಿ ಹೀಗೆ ಸತ್ತವರೊಳಗೆ ಎಳೆಯ ಮಕ್ಕಳೆಷ್ಟೋ ಮಂದಿಯಿದ್ದರೆಂಬುದನ್ನು ನೆನೆದರೆ ಆ ಹೀಯಾಳಿಕೆಯ ಕ್ರೌರ್ಯವು ಮನಸ್ಸನ್ನು ಕಲಕುತ್ತದೆ.

ಶಾಸ್ತ್ರೀಯವಾದ ಪರೀಕ್ಷೆಗೆ ವಿಲಿಯಂ ಹ್ಯಾಡನ್ ಎಂಬ ವೈದ್ಯನು ತನ್ನ ಸಹೋದ್ಯೋಗಿಗಳೊಡನೆ 1961ರಲ್ಲಿ ಪ್ರಕಟಿಸಿದ ಅಧ್ಯಯನವು ಮಾದರಿಯಾಯಿತು. ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ವಾಹನ ಬಡಿದು ಮಡಿದ 50 ಮಂದಿ ವಯಸ್ಕರ ಮರಣಸ್ಥಳಗಳಿಗೆ, ವಾರದ ಅದೇ ದಿನದಂದು, ಅದೇ ಹೊತ್ತಿಗೆ ಹೋಗಿ ನಿಂತು, ಅಲ್ಲಿ ನಡೆದುಬಂದವರನ್ನು ತಡೆದು ಮಾತಾಡಿಸಿ, ಉಸಿರನ್ನೂ ಪರೀಕ್ಷಿಸಿ, ಮೃತರಿಗೂ ಜೀವಂತರಿಗೂ ಇರುವ ಅಂತರವನ್ನು ಅವರು ಅಳೆದರು. ಮಡಿದವರಲ್ಲಿ ಒಂದು ಗುಂಪು ಮದ್ಯ ಮುಟ್ಟದ ವೃದ್ಧರದು. ಇನ್ನೊಂದು, ವಿಪರೀತ ಕುಡಿದಿದ್ದ ನಡುವಯಸ್ಸಿನವರದು. ನಿಧಾನವಾಗಿ ನಡೆಯುವುದು ವೃದ್ಧನ ಅಪರಾಧವೆಂದು ಯಾರು ಹೇಳಬಲ್ಲರು?

ವಾಹನದ ಆಕೃತಿಯ ಮೇಲೆ ದೃಷ್ಟಿ ಬಿದ್ದುದು ಇದರ ತರುವಾಯ. 1965ರಲ್ಲಿ ಅಮೆರಿಕದ ನ್ಯಾಯವಾದಿ ರಾಲ್ಫ್ ನೇಡರ್ ತನ್ನ ಗ್ರಂಥದಲ್ಲಿ, ಬರಿಯ ಶೋಭೆಗಾಗಿ ಕಾರುಗಳಿಗೆ ಜೋಡಿಸಿದ್ದ ಚೂಪು ರೆಕ್ಕೆಗಳು ಬೀದಿಯಲ್ಲಿ ದೇಹಗಳನ್ನು ತಿವಿಯುತ್ತಿದ್ದುದನ್ನು ಬಯಲಿಗೆಳೆದನು. ಯೂರೋಪಿನ ಪ್ರಯೋಗಶಾಲೆಗಳಲ್ಲಿ ಕೃತಕ ಕಾಲು, ಕೃತಕ ತಲೆಗಳನ್ನು ಕಾರಿನ ಮುಂಭಾಗಕ್ಕೆ ಅಪ್ಪಳಿಸಿ ನೋಡುವ ವಿಧಾನ ಬೆಳೆಯಿತು. 1997ರಲ್ಲಿ ಯೂರೋ ಎನ್‌ಕ್ಯಾಪ್ ಸಂಸ್ಥೆಯು ಅದನ್ನು ತನ್ನ ಪರೀಕ್ಷೆಗಳೊಳಗೆ ಸೇರಿಸಿತು, 2003ರಲ್ಲಿ ಅದು ಯೂರೋಪಿನ ಶಾಸನವಾಯಿತು. ತಗ್ಗಿದ ಮೂತಿಯ ಕಾರು ಮನುಷ್ಯನ ಮೊಣಕಾಲಿನ ಆಸುಪಾಸಿನಲ್ಲಿ ಬಡಿಯುವುದರಿಂದ ದೇಹವು ಬಾನೆಟ್ಟಿನ ಮೇಲಕ್ಕೆ ವಾಲುತ್ತದೆ; ಗೋಡೆಯಂತೆ ನೆಟ್ಟಗೆ ನಿಂತ ಎತ್ತರದ ಮೂತಿಯಾದರೋ ಸೊಂಟಕ್ಕೆ, ಎದೆಗೆ, ಮಗುವಾದರೆ ತಲೆಗೇ ಬಡಿದು, ಬಿದ್ದವನನ್ನು ಚಕ್ರದ ಮುಂದಕ್ಕೆ ಕೆಡವುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾಸಂಸ್ಥೆಯು ಸುಮಾರು 18,000 ಅಪಘಾತಗಳನ್ನು ಶೋಧಿಸಿ 2023ರಲ್ಲಿ ತಿಳಿಸಿದಂತೆ, 40 ಅಂಗುಲಕ್ಕಿಂತ ಎತ್ತರದ ಬಾನೆಟ್ಟಿನ ವಾಹನಗಳು, 30 ಅಂಗುಲದೊಳಗಿನ ಇಳಿಜಾರು ಮೂತಿಯವುಗಳಿಗಿಂತ ಸುಮಾರು ನೂರಕ್ಕೆ 45ರಷ್ಟು ಹೆಚ್ಚು ಮಾರಕವಾದವು. 2009ರಲ್ಲಿ ಆ ದೇಶದಲ್ಲಿ ಮಡಿದ ಪಾದಚಾರಿಗಳು 4,109 ಮಂದಿ. 2022ರಲ್ಲಿ 7,500ನ್ನು ಮೀರಿದರು.

ಇದೇ ಅವಧಿಯಲ್ಲಿ ಕೈಗೆ ಬಂದ ಮೊಬೈಲನ್ನು ಈ ಏರಿಕೆಗೆ ಹೊಣೆಮಾಡುವವರು ಅನೇಕರು. ಚಾಲಕನ ಅನ್ಯಮನಸ್ಕತೆಯು ಕಡೆಗಣಿಸತಕ್ಕ ಸಂಗತಿಯಲ್ಲ: ಟೊರಾಂಟೋದ ರೆಡಲ್ಮೈಯರ್ ಮತ್ತು ಟಿಬ್ಷಿರಾನಿ 1997ರಲ್ಲೇ, ಫೋನಿನಲ್ಲಿ ಮಾತಾಡುವಾಗ ಅಪಘಾತದ ಸಂಭವ ನಾಲ್ಮಡಿಯಾಗುವುದೆಂದೂ, ಕೈಯಲ್ಲಿ ಹಿಡಿಯದೆ ಮಾತಾಡಿದರೂ ಅಪಾಯವು ತಗ್ಗಿದಂತೆ ಕಾಣದೆಂದೂ ತೋರಿಸಿದರು, ಯೂಟಾ ವಿಶ್ವವಿದ್ಯಾನಿಲಯದ ಡೇವಿಡ್ ಸ್ಟ್ರೇಯರ್, ಕಣ್ಣು ವಸ್ತುವಿನ ಮೇಲೆ ನೆಟ್ಟಿದ್ದರೂ ಮನಸ್ಸು ಅದನ್ನು ಗ್ರಹಿಸದಿರುವ ಅವಸ್ಥೆಯನ್ನು ಪ್ರಯೋಗದಿಂದ ಸ್ಥಾಪಿಸಿದನು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದವನು 28 ಮೀಟರುಗಳಷ್ಟು ದಾರಿಯನ್ನು ಕುರುಡನಾಗಿ ಕ್ರಮಿಸಿರುತ್ತಾನೆ. ಅದಾಗಿಯೂ, ಅದೇ ಮೊಬೈಲು ಮನೆಮನೆಗೂ ಹೊಕ್ಕ ಯೂರೋಪಿನಲ್ಲಿ ಪಾದಚಾರಿಗಳ ಸಾವು 2010ರ ದಶಕದಲ್ಲಿ ಇಳಿಯಿತು. 2019ರಲ್ಲಿ ಆಸ್ಲೋ, ಹೆಲ್ಸಿಂಕಿ ನಗರಗಳಲ್ಲಿ ಒಬ್ಬ ಪಾದಚಾರಿಯೂ ಮಡಿಯಲಿಲ್ಲ. ಆದಕಾರಣ ಫೋನೊಂದನ್ನೇ ದೂರುವುದು, ಹಿಂದೆ ನಡೆಯುವವನನ್ನು ದೂರಿದಷ್ಟೇ ಅವಸರದ ತೀರ್ಮಾನವೆಂದು ನನ್ನ ಮತ. ವೇಗಕ್ಕೆ ಎಡೆಗೊಡುವ ಅಗಲವಾದ ರಸ್ತೆ, ಎತ್ತರದ ವಾಹನ, ಅಲೆಯುವ ಮನಸ್ಸು ಇವು ಮೂರೂ ಕೂಡಿದೆಡೆಯಲ್ಲಿ ಸಾವು ಸಂಭವಿಸುತ್ತದೆ. ತಾನಾಗಿ ಬ್ರೇಕು ಹಾಕುವ ಯಂತ್ರಗಳು ಹಗಲಿನಲ್ಲಿ ಉಪಕಾರಿಯಾದರೂ ಬೀದಿದೀಪವಿಲ್ಲದ ಕತ್ತಲಲ್ಲಿ ಪ್ರಯೋಜನ ತೋರಲಿಲ್ಲವೆಂದು 2022ರ ಅಧ್ಯಯನವೊಂದು ತಿಳಿಸಿತು. ಅಮೆರಿಕದ ಪಾದಚಾರಿ ಸಾಯುವುದಾದರೋ ಬಹುಮಟ್ಟಿಗೆ ರಾತ್ರಿಯಲ್ಲಿಯೇ.

ಭಾರತದಲ್ಲಿ 2022ರ ಸರಕಾರಿ ಲೆಕ್ಕದ ಪ್ರಕಾರ ರಸ್ತೆಯಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ನಡೆಯುತ್ತಿದ್ದವರು. ದಿಲ್ಲಿಯ ಐಐಟಿಯ ದಿನೇಶ್ ಮೋಹನರು, ಈ ಬಗೆಯ ಲೆಕ್ಕವು ಪಾದಚಾರಿಗಳ ಪಾಲನ್ನು ಕಡಮೆಯಾಗಿ ತೋರಿಸುತ್ತದೆಂದು ಬದುಕಿರುವವರೆಗೂ ವಾದಿಸಿದರು. ಜೀಪು, ಕಾರುಗಳ ಮುಂದೆ ಕಟ್ಟುವ ಕಬ್ಬಿಣದ ಗಾರ್ಡುಗಳನ್ನು ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿತು. ನಮ್ಮ ಠಾಣೆಗಳ ದೂರಿನಲ್ಲಿ ಮಾತ್ರ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಪದಪುಂಜವು ಮೊದಲಿನಂತೆಯೇ ಮಾಮೂಲಾಗಿ ಬರುತ್ತದೆ. ಸತ್ತವನು ಫುಟ್‌ಪಾತಿನಿಂದ ಏಕೆ ಇಳಿದನು, ದೀಪ ಉರಿಯುತ್ತಿತ್ತೆ, ಬಡಿದ ವಾಹನದ ಮೂತಿ ಅವನ ಮೊಣಕಾಲಿಗೆ ಸಮನಾಗಿತ್ತೋ ಎದೆಗೋ ಎಂಬುದನ್ನು ಆ ಮಾತು ಕೇಳುವುದಿಲ್ಲ.