ನೂರು ಮಳಿಗೆ, ಒಂದೇ ದರ

ನವಿ ಮುಂಬಯಿಯ ತುರ್ಭೆಯಲ್ಲಿರುವ ಈರುಳ್ಳಿ-ಬಟಾಟೆ ಮಂಡಿಯನ್ನು ಜನ ವಾಶಿ ಮಾರ್ಕೆಟ್ ಎಂದೇ ಕರೆಯುತ್ತಾರೆ. ನಾಸಿಕ್ ಕಡೆಯ ಲಾರಿಗಳು ಇಲ್ಲಿ ಇಳಿಸುವ ಮೂಟೆಗಳು ಮುಂಬಯಿಯ ಉಪನಗರಗಳ ಅಡುಗೆಮನೆ ಸೇರುತ್ತವೆ. ಒಳಹೊಕ್ಕರೆ ಸಾಲು ಸಾಲು ಮಳಿಗೆಗಳು. ಇಷ್ಟು ಮಂದಿ ಮಾರುವಾಗ ಪೈಪೋಟಿಗೇನು ಕೊರತೆ ಎನ್ನಿಸುವುದು ಸಹಜ. ಆ ಅನಿಸಿಕೆ ಸರಿಯೇ ಎಂದು ಸರಕಾರವೇ ಅರ್ಥಶಾಸ್ತ್ರಜ್ಞರನ್ನು ಕೇಳಿದ್ದು ತೀರ ಈಚೆಗೆ.

1970ರಲ್ಲಿ ಎರಡು ಸಂಗತಿ ನಡೆದವು. ಮಾರ್ಚಿನಲ್ಲಿ ನವಿ ಮುಂಬಯಿಯನ್ನು ಕಟ್ಟಲು ಸಿಡ್ಕೋ ಹುಟ್ಟಿತು. ಜೂನ್ 1ರಂದು ಏಕಸ್ವಾಮ್ಯ ತಡೆಯುವ ಎಂಆರ್‌ಟಿಪಿ ಕಾಯ್ದೆ ಜಾರಿಗೆ ಬಂತು. ಈ ಕಾಯ್ದೆಯ ಹಿಂದೆ ಮಹಲನೋಬಿಸ್ ಸಮಿತಿ, ದಾಸ್‌ಗುಪ್ತ ಆಯೋಗಗಳ ವರದಿಗಳಿದ್ದವು. ಬೇರೆ ಬೇರೆ ಹೆಸರಿನ ಕಂಪನಿಗಳ ಹಿಂದೆ ಕೆಲವೇ ಉದ್ಯಮ ಮನೆತನಗಳಿರುವುದನ್ನು ಲೆಕ್ಕಹಾಕಿ ತೋರಿಸಿದ ಮುಂಬಯಿಯ ಅರ್ಥಶಾಸ್ತ್ರಜ್ಞ ಆರ್. ಕೆ. ಹಜಾರಿ ಅವರ ಸಂಶೋಧನೆಯೂ ಆ ಕಾಲದ್ದೇ. ಕಾಯ್ದೆಯ ಮುಖ್ಯ ಚಿಂತೆ ಗಾತ್ರ. ದೊಡ್ಡ ಕಾರ್ಖಾನೆ ಕಟ್ಟುವವರು ಅದಕ್ಕೆ ಅಂಜಬೇಕಿತ್ತು. ಮಂಡಿಯ ದಲ್ಲಾಳಿಗೆ ಅಂಥ ಅಂಜಿಕೆ ಇರಲಿಲ್ಲ.

ಮಂಡಿಗೆ ಬೇರೆಯೇ ಕಾಯ್ದೆಯಿತ್ತು. ಹಿಂದೆ ಅನೇಕ ಮಂಡಿಗಳಲ್ಲಿ ಬಟ್ಟೆಯಡಿ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ರೈತನಿಗೆ ತನ್ನ ಮಾಲಿನ ಬೆಲೆಯೇ ತಿಳಿಯುತ್ತಿರಲಿಲ್ಲ. ಇಂಥ ಮೋಸ ತಪ್ಪಿಸಲೆಂದು ಮಹಾರಾಷ್ಟ್ರ 1963ರಲ್ಲಿ ಕೃಷಿ ಮಾರುಕಟ್ಟೆ ಸಮಿತಿಗಳ ಕಾಯ್ದೆ ತಂದಿತು: ವಹಿವಾಟು ಸಮಿತಿಯ ಅಂಗಳದಲ್ಲೇ, ಲೈಸೆನ್ಸ್ ಇದ್ದವರಿಂದಲೇ, ಬಹಿರಂಗವಾಗಿ ನಡೆಯಬೇಕು. 1981ರಲ್ಲಿ ಮುಂಬಯಿಯ ಈರುಳ್ಳಿ-ಬಟಾಟೆ ವ್ಯಾಪಾರ ಖಾಡಿ ದಾಟಿ ನವಿ ಮುಂಬಯಿಗೆ ಬಂತು. ಆದರೆ ರೈತನನ್ನು ಕಾಯಲು ಹಾಕಿದ ಬೇಲಿ, ಕಾಲ ಸರಿದಂತೆ, ಒಳಗಿದ್ದ ವ್ಯಾಪಾರಿಗಳನ್ನೇ ಹೊಸಬರಿಂದ ಕಾಯತೊಡಗಿತು.

2002ರ ಸ್ಪರ್ಧಾ ಕಾಯ್ದೆ ನೋಟ ಬದಲಿಸಿತು. ದೊಡ್ಡದಾಗಿರುವುದು ತಪ್ಪಲ್ಲ, ಸೇರಿಕೊಂಡು ದರ ಕಟ್ಟುವುದು, ಬಲವನ್ನು ದುರುಪಯೋಗ ಮಾಡುವುದು ತಪ್ಪು. 2009ರ ಮೇ ತಿಂಗಳಲ್ಲಿ ಸ್ಪರ್ಧಾ ಆಯೋಗ ಈ ಅಧಿಕಾರ ಚಲಾಯಿಸತೊಡಗಿತು. ಮರುವರ್ಷ ಡಿಸೆಂಬರಿನಲ್ಲಿ ಈರುಳ್ಳಿ ಬೆಲೆ ಗಗನಕ್ಕೇರಿ, ಸರಕಾರ ರಫ್ತನ್ನೇ ನಿಲ್ಲಿಸಿತು.

ದಿಲ್ಲಿಯ ಆಯೋಗದಲ್ಲಿ ವಕೀಲರಿದ್ದರು, ವೃತ್ತಿಪರ ಅರ್ಥಶಾಸ್ತ್ರಜ್ಞರಿದ್ದರು. ಮಂಡಿಯ ಒಳಗುಟ್ಟು ತಿಳಿಯಲು ಅವರು ನೆರವು ಪಡೆದದ್ದು ಬೆಂಗಳೂರಿನಿಂದ. ವಿ. ಕೆ. ಆರ್. ವಿ. ರಾವ್ ಕಟ್ಟಿದ ಐಸೆಕ್ ಸಂಸ್ಥೆಯಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಪಿ. ಜಿ. ಚೆಂಗಪ್ಪ ಮತ್ತು ಸಂಗಡಿಗರು ಮಹಾರಾಷ್ಟ್ರ-ಕರ್ನಾಟಕದ ಈರುಳ್ಳಿ ಮಾರುಕಟ್ಟೆಗಳ ಅಧ್ಯಯನ ಮಾಡಿ 2012ರಲ್ಲಿ ವರದಿ ಕೊಟ್ಟರು. ಅವರು ಕಂಡದ್ದು: ಲೈಸೆನ್ಸ್ ಹಲವರಿಗಿದ್ದರೂ ವಹಿವಾಟಿನ ದೊಡ್ಡ ಪಾಲು ಕೆಲವೇ ದೊಡ್ಡ ವ್ಯಾಪಾರಿಗಳ ಕೈಯಲ್ಲಿ. ಬೆಲೆ ಏರಿದ ಆ ಡಿಸೆಂಬರಿನಲ್ಲಿ ಒಂದು ಮಾರುಕಟ್ಟೆಯಲ್ಲಿ ಒಂದೇ ಸಂಸ್ಥೆ ಸುಮಾರು ಐದನೇ ಒಂದು ಪಾಲು ಕೊಂಡಿತ್ತು. ದಶಕಗಳಿಂದ ಬೇರೂರಿದ ವ್ಯಾಪಾರಿ-ದಲ್ಲಾಳಿಗಳ ನಂಟಿನ ನಡುವೆ ಹೊಸಬರು ತಲೆಯೆತ್ತುವುದು ಕಷ್ಟ.

ಹಾಗಾದರೆ ದಂಡ ಹಾಕಬಹುದಲ್ಲ? ಇಲ್ಲೇ ತೊಡಕು. ಮಾರುಕಟ್ಟೆ ಹೇಗೆ ನಡೆಯುತ್ತದೆ ಎಂಬುದು ವಿದ್ವಾಂಸರ ಪ್ರಶ್ನೆ. ಯಾರು ಯಾರೊಡನೆ ಒಪ್ಪಂದ ಮಾಡಿಕೊಂಡರು ಎಂಬುದು ಕಾನೂನಿನ ಪ್ರಶ್ನೆ. ಹತ್ತು ಮಳಿಗೆಯಲ್ಲಿ ಒಂದೇ ದರವಿದ್ದರೆ ಅದು ನಿಜವಾದ ಪೈಪೋಟಿಯ ಫಲವೂ ಆಗಿರಬಹುದು, ಗುಟ್ಟಿನ ಮಾತಿನ ಫಲವೂ ಆಗಿರಬಹುದು. ಅಂಕಿ ಅನುಮಾನ ಹುಟ್ಟಿಸುತ್ತದೆ. ಸಾಕ್ಷ್ಯವನ್ನು ಬೇರೆಯೇ ಹುಡುಕಬೇಕು.

ಆದರೂ ಆ ಅಧ್ಯಯನ ವ್ಯರ್ಥವಲ್ಲ. ತಪ್ಪು ಒಬ್ಬ ವ್ಯಾಪಾರಿಯದಲ್ಲದೆ ಬೇಲಿಯದ್ದೇ ಆಗಿದ್ದರೆ, ದಂಡದಿಂದ ಅದು ಸರಿಹೋಗದು, ಬಾಗಿಲು ತೆರೆಯಬೇಕು. 2016ರಲ್ಲಿ ಮಹಾರಾಷ್ಟ್ರ ಹಣ್ಣು-ತರಕಾರಿಗಳನ್ನು, ಈರುಳ್ಳಿ-ಬಟಾಟೆ ಸಹಿತ, ಸಮಿತಿಗಳ ಅಂಗಳದ ಹೊರಗೂ ಮಾರಲು ಬಿಟ್ಟಿತು. ಬಾಗಿಲು ತೆರೆದ ಮಾತ್ರಕ್ಕೆ ಹಳೆಯ ನಂಟು ಕಳಚುವುದಿಲ್ಲ. ಅದಕ್ಕೇ ಮಂಡಿಯನ್ನು ಬಲ್ಲವರೂ ಕಾಯ್ದೆಯನ್ನು ಬಲ್ಲವರೂ ಬೆಲೆ ಏರಿದಾಗ ಮಾತ್ರವಲ್ಲ, ಬೆಲೆ ಇಳಿದು ರೈತ ಸುಮ್ಮನೆ ಊರಿಗೆ ಮರಳುವ ದಿನಗಳಲ್ಲೂ ಒಟ್ಟಿಗೆ ಕೂತು ಲೆಕ್ಕ ನೋಡಬೇಕು.